ನೈನಿತಾಲ್: ಯಾರೂ ಕಟ್ಟದ ಕೆರೆ

ನೈನಿತಾಲಿನ ಕೆರೆಯ ಮೇಲ್ತುದಿಯಲ್ಲಿ ಒಂದು ಬಯಲಿದೆ. ಸುತ್ತಲೂ ಕಡಿದಾದ ಗುಡ್ಡಗಳೇ ತುಂಬಿರುವ ಆ ಊರಿನಲ್ಲಿ ಮಟ್ಟಸವಾದ ನೆಲವೆಂದರೆ ಅದೊಂದೇ ಎನ್ನಬೇಕು. ಅದರ ಹೆಸರೂ ಫ್ಲ್ಯಾಟ್ಸ್. ಒಂದು ಬದಿಗೆ ನೈನಾದೇವಿಯ ಗುಡಿ, ಸಮೀಪದಲ್ಲೇ ಗುರುದ್ವಾರ, ಆಚೆಗೆ ಜಾಮಾ ಮಸೀದಿ, ಅಂಚಿನಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳ ಸಾಲು. ಸಂಜೆಯಾದರೆ ಹುಡುಗರು ಅಲ್ಲಿ ಕ್ರಿಕೆಟ್ಟು, ಫುಟ್‌ಬಾಲು ಆಡುತ್ತಾರೆ. ದೆಹಲಿಯಿಂದ ಬಂದವರು ಸುಟ್ಟ ಮುಸುಕಿನ ಜೋಳ ತಿನ್ನುತ್ತ ನಿಂತು ನೋಡುತ್ತಾರೆ. ನಾವೂ ಮೊದಲ ಭೇಟಿಯಲ್ಲಿ ಹಾಗೆಯೇ ನಿಂತು ನೋಡಿದವರು. ಆ ಬಯಲಿನ ಮೈಮೇಲಿರುವುದು ಒಂದು ಮಧ್ಯಾಹ್ನ ಕೆಲವೇ ಕ್ಷಣಗಳಲ್ಲಿ ಇಳಿದು ಬಂದ ಗುಡ್ಡದ ಮಣ್ಣು ಎಂಬುದು, ಆ ಮಣ್ಣಿನೊಡನೆ 151 ಜನ ಹೋದರೆಂಬುದು ನಮಗೆ ತಿಳಿದದ್ದು ದೆಹಲಿಗೆ ಮರಳಿದ ಮೇಲೆ, ಹಳೆಯ ಬರಹಗಳನ್ನು ತಿರುವಿಹಾಕುವಾಗ.

ಅಂದಿನಿಂದ ನಾವು ನೈನಿತಾಲಿಗೆ ಮತ್ತೆ ಮತ್ತೆ ಹೋಗಿದ್ದೇವೆ. ಹಳೆಯ ದಿಲ್ಲಿ ನಿಲ್ದಾಣದಲ್ಲಿ ರಾತ್ರಿ ರಾನೀಖೇತ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಾಗ ಕಾಠಗೋದಾಮ್. ಅಲ್ಲಿಂದ ಸುಮಾರು ಮೂವತ್ತೈದು ಕಿಲೋಮೀಟರು ಘಟ್ಟದ ದಾರಿ. ನಮ್ಮಂಥ ಸರ್ಕಾರಿ ನೌಕರರಿಗೆ ಎರಡು ದಿನದ ರಜೆ ಸಾಕು. ಮೊದಮೊದಲು ಕೆರೆ ನೋಡಲು ಹೋಗುತ್ತಿದ್ದೆವು. ಈಗ ಹೋದಾಗ ಗುಡ್ಡಗಳನ್ನೂ, ಗುಡ್ಡಗಳಿಂದ ಇಳಿಯುವ ನಾಲೆಗಳನ್ನೂ ನೋಡುತ್ತೇವೆ. ಈ ಊರಿನ ಚರಿತ್ರೆ ಇರುವುದು ಕೆರೆಯಲ್ಲಿ ಅಲ್ಲ, ಕೆರೆಗೆ ನೀರಿಳಿಸುವ ಇಳಿಜಾರುಗಳಲ್ಲಿ ಎಂಬುದು ನಮ್ಮ ಅನಿಸಿಕೆ.

ಕೆರೆ ಎಂಬ ಮಾತನ್ನು ಇಲ್ಲಿ ಬಳಸುವಾಗಲೂ ಸ್ವಲ್ಪ ಅಳುಕುತ್ತೇವೆ. ಕನ್ನಡದಲ್ಲಿ ಕೆರೆಯನ್ನು ಕಟ್ಟುತ್ತಾರೆ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು, ಹೂಳೆತ್ತುವುದಕ್ಕೆ ದತ್ತಿ ಬಿಟ್ಟು, ಅದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ ನಾಡು ನಮ್ಮದು. ಕಟ್ಟಿದವರ ಹೆಸರು ಶಾಸನದಲ್ಲಿರುತ್ತದೆ. ಕೆಡಿಸಿದವರಿಗೆ ಶಾಪವೂ ಅದೇ ಕಲ್ಲಿನಲ್ಲಿರುತ್ತದೆ. ಕುಮಾವೂನಿನ 'ತಾಲ್' ಹಾಗಲ್ಲ. ಅದು ಭೂಮಿ ತಾನಾಗಿ ಬಿರಿದು, ಜಾರಿ, ತಡೆದು ನಿಲ್ಲಿಸಿದ ನೀರು. ಸರೋವರ ಎನ್ನುವುದೇ ಸರಿಯಾದೀತು. ಆದರೆ ಬಯಲುಸೀಮೆಯಲ್ಲಿ ಹುಟ್ಟಿದ ನಾಲಿಗೆಗೆ ಕೆರೆ ಎಂಬ ಮಾತೇ ಮೊದಲು ಬರುತ್ತದೆ. ಅಲ್ಲದೆ ಏರಿ, ಕೋಡಿ, ಹೂಳು ಎಂಬ ನಮ್ಮ ಮಾತುಗಳಿಲ್ಲದೆ ಈ ಊರಿನ ಕಥೆ ಹೇಳುವುದೂ ಕಷ್ಟ.

ಸಮುದ್ರಮಟ್ಟದಿಂದ ಸುಮಾರು 1,938 ಮೀಟರು ಎತ್ತರದಲ್ಲಿರುವ ಈ ಕೆರೆ ದೊಡ್ಡದೇನಲ್ಲ. ಉದ್ದ ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ, ಅಗಲ ಅರ್ಧ ಕಿಲೋಮೀಟರಿಗಿಂತ ಕಡಿಮೆ, ಅತಿ ಹೆಚ್ಚಿನ ಆಳ ಸುಮಾರು 27 ಮೀಟರು. ಸುತ್ತು ಹಾಕಿ ಬರಲು ನಿಧಾನವಾಗಿ ನಡೆದರೂ ಒಂದು ಗಂಟೆ ಸಾಕು. ವಾಯವ್ಯದ ತುದಿಗೆ ಮಲ್ಲಿತಾಲ್, ಆಗ್ನೇಯದ ತುದಿಗೆ ತಲ್ಲಿತಾಲ್. ಕುಮಾವೂನಿ ಭಾಷೆಯಲ್ಲಿ ಮಲ್ಲಿ ಎಂದರೆ ಮೇಲಿನ, ತಲ್ಲಿ ಎಂದರೆ ಕೆಳಗಿನ. ಮೇಲುಕೆರೆ, ಕೆಳಕೆರೆ ಎಂದರೆ ನಮ್ಮ ಹಳ್ಳಿಗಳ ಹೆಸರಿನಂತೆಯೇ ಕೇಳಿಸುತ್ತದೆ. ಕೆಳಗಿನ ತುದಿಯಲ್ಲಿ ಹೆಚ್ಚಿನ ನೀರು ಬಲಿಯಾ ನಾಲೆಯಾಗಿ ಹೊರಬಿದ್ದು ಕಣಿವೆಗಿಳಿದು ಗೌಲಾ ನದಿಯನ್ನು ಸೇರುತ್ತದೆ. ಆ ಹೊರಬಾಯಿಯ ಮೇಲೆ ಸೇತುವೆಯೂ ನೀರು ಬಿಡುವ ಬಾಗಿಲುಗಳೂ ಇವೆ. ಊರಿನವರು ಆ ಜಾಗವನ್ನು ಡಾಂಠ್ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ತೂಬೂ ಹೌದು, ಕೋಡಿಯೂ ಹೌದು.

ಕೆರೆಯ ಎರಡು ಮಗ್ಗುಲುಗಳು ಒಂದೇ ಬಗೆಯವಲ್ಲ. ಇದನ್ನು ತಿಳಿಯದೆ ಈ ಊರು ಅರ್ಥವಾಗುವುದಿಲ್ಲ. ನೈಋತ್ಯದ ಅಯಾರ್‌ಪಟ್ಟಾ ಗುಡ್ಡ ಬಹುಮಟ್ಟಿಗೆ ಸುಣ್ಣಕಲ್ಲಿನ ಜಾತಿಯ ಬಂಡೆ, ಕಡಿದಾಗಿದ್ದರೂ ಗಟ್ಟಿ. ಈಶಾನ್ಯದ ಶೇರ್-ಕಾ-ಡಾಂಡಾ ಹಾಳೆಹಾಳೆಯಾಗಿ ಬಿಡುವ ಸ್ಲೇಟು ಕಲ್ಲಿನದು. ನೀರು ಒಳಗಿಳಿದರೆ ಹಾಳೆಯ ಮೇಲೆ ಹಾಳೆ ಜಾರುತ್ತದೆ. ಇವೆರಡರ ನಡುವೆ ಭೂಮಿಯ ಬಿರುಕೊಂದು ಹಾದುಹೋಗಿದೆ, ಆ ಬಿರುಕಿನ ಮೇಲೆಯೇ ಕೆರೆ ಕುಳಿತಿದೆ. ವಿಪರ್ಯಾಸವೆಂದರೆ ಬಿಸಿಲು ಚೆನ್ನಾಗಿ ಬೀಳುವುದು, ಕೆರೆಯ ನೋಟ ಒದಗುವುದು ಶೇರ್-ಕಾ-ಡಾಂಡಾದ ಮಗ್ಗುಲಿಗೆ. ಆದ್ದರಿಂದ ಮಾಲ್ ರಸ್ತೆ, ಹೋಟೆಲುಗಳು, ಅಂಗಡಿಗಳು, ಮನೆಗಳು ಎಲ್ಲವೂ ಆ ಬದಿಗೇ ಸೇರಿಕೊಂಡವು. ಗಟ್ಟಿ ಬಂಡೆಯ ಬದಿಗೆ ಉಳಿದದ್ದು ಠಂಡೀ ಸಡಕ್, ಹೆಸರಿಗೆ ತಕ್ಕಂತೆ ಬಿಸಿಲು ಕಾಣದ ಕಾಲುದಾರಿ.

ಬ್ರಿಟಿಷರಿಗಿಂತ ಮೊದಲು ಇಲ್ಲಿ ಊರಿರಲಿಲ್ಲ, ಆದರೆ ಕೆರೆಗೆ ಹೆಸರಿತ್ತು. ಸ್ಕಂದಪುರಾಣದ ಮಾನಸಖಂಡ ಇದನ್ನು ತ್ರಿಋಷಿ ಸರೋವರ ಎನ್ನುತ್ತದೆ. ಅತ್ರಿ, ಪುಲಸ್ತ್ಯ, ಪುಲಹರು ಬಾಯಾರಿ ಬಂದು, ನೀರು ಕಾಣದೆ, ನೆಲದಲ್ಲಿ ಗುಂಡಿ ತೋಡಿ ಮಾನಸ ಸರೋವರದ ನೀರನ್ನು ತಂದರಂತೆ. ಸತೀದೇವಿಯ ಕಣ್ಣು ಬಿದ್ದ ಸ್ಥಳವೆಂಬ ನಂಬಿಕೆಯಿಂದ ನೈನಾದೇವಿ. ಸುತ್ತಲ ಹಳ್ಳಿಗಳವರು ಜಾತ್ರೆಗೆ ಬರುತ್ತಿದ್ದರು, ದನ ಮೇಯಿಸುತ್ತಿದ್ದರು, ಹೋಗುತ್ತಿದ್ದರು. ಆ ಇಳಿಜಾರಿನ ಮೇಲೆ ಯಾರೂ ಮನೆ ಕಟ್ಟಿರಲಿಲ್ಲ. ಅದಕ್ಕೆ ಭಕ್ತಿಯೇ ಕಾರಣವೋ, ಗುಡ್ಡದ ಸ್ವಭಾವ ಅವರಿಗೆ ಗೊತ್ತಿತ್ತೋ, ಎರಡೂ ಒಂದೇ ಆಗಿತ್ತೋ! ಗೂರ್ಖರಿಂದ ಕುಮಾವೂನನ್ನು ವಶಪಡಿಸಿಕೊಂಡ ಮೇಲೆ ಕಮಿಷನರಾಗಿದ್ದ ಟ್ರೇಲ್ ಈ ಕೆರೆಯನ್ನು ಕಂಡಿದ್ದರೂ ಅದರ ಪಾವಿತ್ರ್ಯ ಕೆಡಬಾರದೆಂದು ತನ್ನ ಜನರಿಗೆ ಹೇಳಲಿಲ್ಲವೆಂಬ ಮಾತಿದೆ.

1841ರಲ್ಲಿ ಬಂದ ಬ್ಯಾರನ್ ಎಂಬಾತನಿಗೆ ಅಂಥ ಸಂಕೋಚವಿರಲಿಲ್ಲ. ಶಹಜಹಾನ್‌ಪುರದಲ್ಲಿ ಸಕ್ಕರೆಯ ವ್ಯಾಪಾರ ಮಾಡುತ್ತಿದ್ದ ಈತ ಬೆಟ್ಟಗಳನ್ನು ಸುತ್ತುವ ಹವ್ಯಾಸದವನು. 'ಯಾತ್ರಿಕ' ಎಂಬರ್ಥದ 'ಪಿಲ್‌ಗ್ರಿಮ್' ಎಂಬ ಹೆಸರಿನಲ್ಲಿ ಪತ್ರಿಕೆಗೆ ಬರೆಯುತ್ತಿದ್ದ. ದಾರಿ ತೋರಿಸಬೇಕಾದ ಪಹಾಡಿ ತನಗೆ ಆ ಕೆರೆಯೇ ಗೊತ್ತಿಲ್ಲವೆಂದನಂತೆ. ಬ್ಯಾರನ್ ಅವನ ತಲೆಯ ಮೇಲೆ ದೊಡ್ಡದೊಂದು ಕಲ್ಲು ಹೊರಿಸಿ, ನೈನಿತಾಲಿನಲ್ಲಿ ಕಲ್ಲುಗಳಿಲ್ಲ, ಕಟ್ಟಡಕ್ಕೆ ಬೇಕು, ಅಲ್ಲಿಯವರೆಗೂ ಇದನ್ನು ಹೊತ್ತುಕೊಂಡು ಬಾ ಎಂದ. ಬೆಟ್ಟದಲ್ಲಿ ಕಲ್ಲಿಗೇನು ಬರವೆಂದು ಆ ಮನುಷ್ಯ ಬಾಯಿ ಬಿಟ್ಟಾಗ ಅವನಿಗೆ ಜಾಗ ಗೊತ್ತೆಂಬುದು ಹೊರಬಿತ್ತು. ಎಂ.ಎ.ಯಲ್ಲಿ ಇಂಗ್ಲಿಷ್ ಓದಿದ ನಮಗೆ ಆ ಕಾಲದ ಪ್ರವಾಸಬರಹದ ಈ ಲಘುಧಾಟಿ ಪರಿಚಿತವೇ. ಓದುಗನನ್ನು ನಗಿಸುವುದು ಅದರ ಉದ್ದೇಶ. ಆದರೆ ಆ ಕಲ್ಲು ಹೊತ್ತವನ ಕತ್ತಿನ ನೋವು ಎಲ್ಲಿಯೂ ದಾಖಲಾಗಿಲ್ಲ.

ಮುಂದಿನ ಕಥೆ ಇನ್ನೂ ವಿಚಿತ್ರ. ಮರುಭೇಟಿಯಲ್ಲಿ ಬ್ಯಾರನ್ ಒಂದು ದೋಣಿಯನ್ನು ಆಳುಗಳ ಮೇಲೆ ಹೊರಿಸಿಕೊಂಡು ಬಂದ. ಈ ಜಾಗ ತನ್ನದೆಂದು ವಾದಿಸುತ್ತಿದ್ದ ನರಸಿಂಗ್ ಎಂಬ ಥೋಕದಾರನನ್ನು ಅದರಲ್ಲಿ ಕೂರಿಸಿ ನಡುನೀರಿಗೆ ಕರೆದೊಯ್ದು, ಹಕ್ಕು ಬಿಟ್ಟುಕೊಟ್ಟಿದ್ದೇನೆಂದು ಬರೆದುಕೊಡದಿದ್ದರೆ ಇಲ್ಲಿಯೇ ಬಿಡುವುದಾಗಿ ಹೆದರಿಸಿದನಂತೆ. ಈಜು ಬಾರದ ನರಸಿಂಗ್ ಸಹಿ ಹಾಕಿದ. ಇದನ್ನೂ ತಮಾಷೆಯ ಪ್ರಸಂಗವಾಗಿಯೇ ಹೇಳುತ್ತ ಬಂದಿದ್ದಾರೆ. ನಮ್ಮ ಶಾಸನಗಳಲ್ಲಿ ಕೆರೆಯ ದಾನಕ್ಕೆ ಊರಿನ ಮಹಾಜನರು ಸಾಕ್ಷಿಗಳು. ಈ ಕೆರೆಯ ಹಸ್ತಾಂತರಕ್ಕೆ ಇದ್ದ ಸಾಕ್ಷಿ ನೀರೊಂದೇ.

ಊರು ಬೇಗನೆ ಬೆಳೆಯಿತು. 1845ರಲ್ಲಿಯೇ ಪುರಸಭೆಯಾಯಿತು. 1857ರ ದಂಗೆಯಲ್ಲಿ ರೋಹಿಲಖಂಡದ ಬಯಲಿನಿಂದ ಓಡಿಬಂದ ಬಿಳಿಯರಿಗೆ ಇದೇ ಆಶ್ರಯ. 1862ರಿಂದ ವಾಯವ್ಯ ಪ್ರಾಂತ್ಯದ ಬೇಸಿಗೆಯ ರಾಜಧಾನಿ. ಅಲಹಾಬಾದಿನ ಕಚೇರಿಯ ಕಡತಗಳು ಪ್ರತಿವರ್ಷ ಬೆಟ್ಟ ಹತ್ತಿ, ಚಳಿ ಶುರುವಾದ ಮೇಲೆ ಇಳಿಯುತ್ತಿದ್ದವು. ಕಡತದ ಹಿಂದೆ ಗುಮಾಸ್ತ, ಗುಮಾಸ್ತನ ಹಿಂದೆ ಅಡುಗೆಯವ, ದರ್ಜಿ, ದಿನಸಿಯವ, ಧೋಬಿ. ಆರು ತಿಂಗಳು ದುಡಿದು ಹನ್ನೆರಡು ತಿಂಗಳು ಉಣ್ಣುವ ಆರ್ಥಿಕತೆ ಈ ಊರಿಗೆ ಅಂಟಿಕೊಂಡದ್ದು ಆಗಲೇ; ಇಂದಿಗೂ ಅದು ಬಿಟ್ಟಿಲ್ಲ. ಸೀಸನ್ ಎಂಬ ಮಾತು ನೈನಿತಾಲಿನಲ್ಲಿ ಹವಾಮಾನಕ್ಕೆ ಸಂಬಂಧಿಸಿದ್ದಲ್ಲ, ಹೊಟ್ಟೆಪಾಡಿಗೆ ಸಂಬಂಧಿಸಿದ್ದು.

ಆ ಎಲ್ಲ ಸಾಮಾನನ್ನೂ ಹೊತ್ತವರ ಬೆನ್ನುಗಳ ಬಗ್ಗೆ ಒಂದು ಮಾತು ಹೇಳಬೇಕು. ಕುಮಾವೂನಿನಲ್ಲಿ ಕೂಲಿ-ಬೇಗಾರ್ ಎಂಬ ಬಿಟ್ಟಿಯ ಪದ್ಧತಿಯಿತ್ತು. ಸಂಚಾರಕ್ಕೆ ಹೊರಟ ಸಾಹೇಬರ ಹೊರೆಯನ್ನು ಹಳ್ಳಿಗರು ಸರದಿಯಂತೆ ಹೊರಲೇಬೇಕು. ಯಾರ ಸರದಿ ಯಾವಾಗ ಎಂಬುದಕ್ಕೆ ಗ್ರಾಮದ ಮುಖ್ಯಸ್ಥನಲ್ಲಿ ರಿಜಿಸ್ಟರು. 1921ರ ಜನವರಿಯಲ್ಲಿ ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಬದರೀದತ್ತ ಪಾಂಡೆ ಮುಂತಾದವರ ಮುಂದಾಳತ್ವದಲ್ಲಿ ಜನ ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಹಾಳೆಯನ್ನು ನೀರಿಗೆಸೆದು ಗೆದ್ದ ಚಳವಳಿ ಅದು. ಬರೆದುಕೊಟ್ಟು ಸೋತ ನರಸಿಂಗನನ್ನು ನೆನೆದಾಗಲೆಲ್ಲ ನಮಗೆ ಇದೂ ನೆನಪಾಗುತ್ತದೆ.

ಈಗ ಆ ಮಧ್ಯಾಹ್ನಕ್ಕೆ ಬರೋಣ. 1880ರ ಸೆಪ್ಟೆಂಬರ್ 18, ಶನಿವಾರ. ಮಲ್ಲಿತಾಲಿನ ಮೇಲಿರುವ ಆಲ್ಮಾ ಗುಡ್ಡದಲ್ಲಿ ಹಿಂದಿನ ವರ್ಷಗಳಲ್ಲಿಯೇ ಕುಸಿತಗಳಾಗಿದ್ದವು. ಆದರೂ ಅದರ ಬುಡದಲ್ಲಿ ವಿಕ್ಟೋರಿಯಾ ಹೋಟೆಲು, ಅದರ ಕೆಳಗೆ ಅಂಗಡಿ, ಸಭಾಗೃಹ, ಕೆರೆಯಂಚಿನಲ್ಲಿ ಗುಡಿ. ಎರಡು ದಿನಗಳಿಂದ ಬಿಡದೆ ಸುರಿದ ಮಳೆ. ನಲವತ್ತು ಗಂಟೆಗಳಲ್ಲಿ ಕಡಿಮೆಯೆಂದರೂ ಇಪ್ಪತ್ತು ಇಂಚು ಬಿದ್ದಿತೆಂದು ಲೆಕ್ಕ. ಬೆಳಿಗ್ಗೆ ಹೋಟೆಲಿನ ಹಿಂಬದಿಯ ಗುಡ್ಡ ಸ್ವಲ್ಪ ಕುಸಿದು ಕೆಲವರು ಸಿಲುಕಿಕೊಂಡರು. ಅವರನ್ನು ಹೊರತೆಗೆಯಲು ಅಧಿಕಾರಿಗಳು, ಸೈನಿಕರು, ಕೂಲಿಗಳು ಎಲ್ಲರೂ ಅಲ್ಲಿಗೇ ಧಾವಿಸಿದರು. ಮಧ್ಯಾಹ್ನ ಗುಡ್ಡ ಪೂರ್ತಿಯಾಗಿ ಬಂತು. ಹೋಟೆಲು, ಅಂಗಡಿ, ಸಭಾಗೃಹ, ಗುಡಿ ಎಲ್ಲವನ್ನೂ ಬಳಿದುಕೊಂಡು ಕೆರೆಗಿಳಿಯಿತು. ಸತ್ತವರು 151 ಜನ. ಅವರಲ್ಲಿ 43 ಮಂದಿ ಯೂರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು, 108 ಮಂದಿ ಭಾರತೀಯರು.

ಸತ್ತವರಲ್ಲಿ ಹಲವರು ಇನ್ನೊಬ್ಬರನ್ನು ಉಳಿಸಲು ಹೋದವರು ಎಂಬುದನ್ನು ನಾವು ಮರೆಯಲಾರೆವು. ಆ 43 ಜನರಿಗೆ ಹೆಸರುಗಳಿವೆ, ಸ್ಮಾರಕ ಫಲಕವಿದೆ. 108 ಎಂಬುದು ಒಂದು ಸಂಖ್ಯೆಯಾಗಿ ಉಳಿದಿದೆ. ಮೊದಲೇ ಅಲ್ಲಿದ್ದ ಸಣ್ಣ ಸಮತಟ್ಟು ಗುಡ್ಡದ ಮಣ್ಣು ಸೇರಿ ದೊಡ್ಡದಾಯಿತು. ಅದನ್ನು ಹದಗೊಳಿಸಿ ಆಟದ ಬಯಲು ಮಾಡಿದರು. ಗುಡಿಯನ್ನು ಸ್ವಲ್ಪ ಸರಿಸಿ 1883ರಲ್ಲಿ ಮತ್ತೆ ಕಟ್ಟಿದರು.

ಆ ದುರಂತದ ವೇಳೆಗೆ ಊರಿನ ಮಾಜಿ ಪೋಸ್ಟ್‌ಮಾಸ್ಟರೊಬ್ಬರ ಮಗನಿಗೆ ಐದು ವರ್ಷ. ಅವನ ಹೆಸರು ಜಿಮ್ ಕಾರ್ಬೆಟ್. ಮರುವರ್ಷ ತಂದೆ ತೀರಿಕೊಂಡ ಮೇಲೆ ತಾಯಿ ಮೇರಿ ಜೇನ್ ಊರಿಗೆ ಬರುವವರಿಗೆ ಮನೆಗಳನ್ನು ಬಾಡಿಗೆಗೆ ಗೊತ್ತುಮಾಡಿಕೊಡುತ್ತ ದೊಡ್ಡ ಸಂಸಾರವನ್ನು ಸಾಕಿದರು. ಅವರು ಗರ್ನಿ ಹೌಸ್ ಎಂಬ ತಮ್ಮ ಮನೆಯನ್ನು ಕಟ್ಟಿಸಿಕೊಂಡದ್ದು ಅಯಾರ್‌ಪಟ್ಟಾ ಗುಡ್ಡದಲ್ಲಿ, ಗಟ್ಟಿ ಬಂಡೆಯ ಬದಿಗೆ. ಮನೆಗಳ ವ್ಯವಹಾರ ಬಲ್ಲ ಹೆಂಗಸಿಗೆ ಗುಡ್ಡಗಳ ವ್ಯತ್ಯಾಸವೂ ತಿಳಿದಿದ್ದರೆ ಆಶ್ಚರ್ಯವಿಲ್ಲ. ಕನ್ನಡಿಗರಾದ ನಾವು ಕಾರ್ಬೆಟ್ಟನನ್ನು ಬಹುಮಟ್ಟಿಗೆ ಪೂರ್ಣಚಂದ್ರ ತೇಜಸ್ವಿಯವರ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'ದ ಮೂಲಕ ಬಲ್ಲವರು. ಆ ಬೇಟೆಗಾರ ನೈನಿತಾಲಿನ ಪುರಸಭೆಯ ಸದಸ್ಯನಾಗಿಯೂ ದುಡಿದವನು, ಊರಿನ ತಂಟೆ ತಕರಾರುಗಳ ನಡುವೆ ಕುಳಿತಿದ್ದವನು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1947ರಲ್ಲಿ ಅವನು ಊರು ಬಿಟ್ಟು ಕೀನ್ಯಾಕ್ಕೆ ಹೋದ.

1880ರ ಅನಂತರ ಆಳುವವರು ಕಲಿತ ಪಾಠ ಒಂದೇ: ಗುಡ್ಡದೊಳಕ್ಕೆ ನೀರು ಇಳಿಯಬಾರದು. ಅದಕ್ಕಾಗಿ ಇಳಿಜಾರುಗಳ ಮೇಲೆಲ್ಲ ಕಲ್ಲಿನ ನಾಲೆಗಳ ಜಾಲವನ್ನೇ ಹೆಣೆದರು. ಗುಡ್ಡಕ್ಕೆ ಅಡ್ಡಡ್ಡಲಾಗಿ ಕವಲುನಾಲೆಗಳು. ಅವು ಮೇಲಿನಿಂದ ನೇರ ಕೆಳಗಿಳಿಯುವ ದೊಡ್ಡ ನಾಲೆಗಳನ್ನು ಸೇರುತ್ತವೆ. ದೊಡ್ಡ ನಾಲೆಗಳು ಮಾಲ್ ರಸ್ತೆಯ ಅಡಿಯಿಂದ ಹಾದು ಕೆರೆಗೆ ಬೀಳುತ್ತವೆ. ನಾಲೆಗಳ ತಳ ಮೆಟ್ಟಿಲುಮೆಟ್ಟಿಲಾಗಿದೆ, ನೀರಿನ ರಭಸ ಮುರಿಯಲೆಂದು. ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂಬ ನಿಯಮಗಳು ಬಿಗಿಯಾದವು. ನಮಗೆ ಬ್ರಿಟಿಷ್ ಆಡಳಿತದ ಮೇಲೆ ವಿಶೇಷ ಮೋಹವಿಲ್ಲ. ಆದರೂ ಆ ನಾಲೆಗಳ ಕಲ್ಲುಕೆಲಸವನ್ನು ಕಂಡಾಗ ಗೌರವ ಹುಟ್ಟದೆ ಇರುವುದಿಲ್ಲ. ಅವನ್ನು ಕಟ್ಟಿದ ಕೈಗಳು ಹೇಗೂ ಇಲ್ಲಿಯವೇ.

ಗುಡ್ಡ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1898ರಲ್ಲಿ ಬಲಿಯಾ ನಾಲೆಯ ಕಣಿವೆಯಲ್ಲಿ, ಎಂದರೆ ಕೆರೆಯ ಕೋಡಿಯ ಕೆಳಗೆ, ಕೈಲಾಖಾನ್ ಬಳಿ ಮತ್ತೊಂದು ದೊಡ್ಡ ಕುಸಿತವಾಗಿ ಮದ್ಯದ ಕಾರ್ಖಾನೆಯ ಜೊತೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಶೇರ್-ಕಾ-ಡಾಂಡಾದ ಮೇಲಿದ್ದ ಲೆಫ್ಟಿನೆಂಟ್ ಗವರ್ನರರ ಭವನಕ್ಕೇ ಬಿರುಕುಗಳು ಬಂದಾಗ ಸರ್ಕಾರ ಅದನ್ನು ಬಿಟ್ಟು ಅಯಾರ್‌ಪಟ್ಟಾಕ್ಕೆ ದಾಟಿತು. 1900ರ ವೇಳೆಗೆ ಅಲ್ಲಿ ಎದ್ದುನಿಂತ ಹೊಸ ಭವನವೇ ಇಂದಿನ ರಾಜಭವನ. ಅದರ ವಿನ್ಯಾಸಕಾರ ಎಫ್. ಡಬ್ಲ್ಯು. ಸ್ಟೀವನ್ಸ್, ಮುಂಬಯಿಯ ವಿ.ಟಿ. ನಿಲ್ದಾಣವನ್ನು ರೂಪಿಸಿದವನೂ ಅವನೇ. ನಿತ್ಯ ಆ ನಿಲ್ದಾಣದಲ್ಲಿ ಇಳಿದು ಹತ್ತುವ ನಮ್ಮ ಮುಂಬಯಿಯ ಗೆಳೆಯರು ನೈನಿತಾಲಿನ ರಾಜಭವನವನ್ನು ಕಂಡರೆ ಎಲ್ಲೋ ನೋಡಿದ ಮುಖವೆನ್ನಬಹುದು. ಅಧಿಕಾರವುಳ್ಳವರು ಗಟ್ಟಿ ಬಂಡೆಗೆ ದಾಟಿದರು. ಬಜಾರು, ಬಾಡಿಗೆ ಮನೆ, ನೌಕರರ ವಸತಿಗಳು ಸ್ಲೇಟಿನ ಮೇಲೆಯೇ ಉಳಿದವು.

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಬಹುದು. ಬೇಸಿಗೆಯ ರಾಜಧಾನಿಯ ಪದ್ಧತಿ ನಿಂತುಹೋಯಿತು. ಆದರೆ ಶಾಲೆಗಳಿದ್ದವು, 1869ರ ಶೆರ್ವುಡ್, 1888ರ ಸೇಂಟ್ ಜೋಸೆಫ್, 1947ರ ಬಿರ್ಲಾ ವಿದ್ಯಾಮಂದಿರ. ಮರದ ವ್ಯಾಪಾರದಲ್ಲಿ ಗಳಿಸಿದ ದಾನಸಿಂಗ್ ಬಿಷ್ಟ್ ತಂದೆಯ ಹೆಸರಿನಲ್ಲಿ 1951ರಲ್ಲಿ ಕಾಲೇಜು ತೆರೆದರು. 1973ರಲ್ಲಿ ಕುಮಾವೂನ್ ವಿಶ್ವವಿದ್ಯಾಲಯ ಬಂತು. ಮನೋರಾ ಶಿಖರದಲ್ಲಿ ಖಗೋಳ ವೀಕ್ಷಣಾಲಯ. 2000ದ ನವೆಂಬರಿನಲ್ಲಿ ಹೊಸ ರಾಜ್ಯವಾದಾಗ ರಾಜಧಾನಿ ದೆಹರಾದೂನಿಗೆ, ಹೈಕೋರ್ಟು ನೈನಿತಾಲಿಗೆ, ಹಳೆಯ ಸಚಿವಾಲಯದ ಕಟ್ಟಡಕ್ಕೆ. ಈಗ ಅದನ್ನು ಕೆಳಗೆ ಹಲ್ದ್ವಾನಿಯತ್ತ ಒಯ್ಯುವ ಮಾತು ಕೆಲವು ವರ್ಷಗಳಿಂದ ನಡೆದಿದೆ. ಕಡತಗಳು ಮತ್ತೆ ಬೆಟ್ಟವಿಳಿಯುತ್ತವೋ ಏನೋ.

ಉಳಿದದ್ದು ಪ್ರವಾಸಿಗಳು. 2011ರ ಜನಗಣತಿಯಂತೆ ಊರಿನ ಜನಸಂಖ್ಯೆ 41,377. ಮೇ-ಜೂನ್ ತಿಂಗಳ ವಾರಾಂತ್ಯಗಳಲ್ಲಿ ಬರುವವರನ್ನು ಕಂಡರೆ ಆ ಅಂಕಿ ನಂಬಲಾಗದು. ಫ್ಲ್ಯಾಟ್ಸ್‌ನ ಒಂದು ಭಾಗ ಕಾರು ನಿಲ್ಲಿಸುವ ಜಾಗವಾಗಿದೆ. ದೋಣಿಯವರು, ಕುದುರೆಯವರು, ಬಣ್ಣಬಣ್ಣದ ಮೇಣದ ಬತ್ತಿ ಮಾಡಿ ಮಾರುವವರು, ರಾಮಗಢದ ಸೇಬು, ಖುಮಾನಿ ತರುವವರು, ಬಿಹಾರ-ನೇಪಾಳಗಳಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರು, ಎಲ್ಲರ ಒಲೆಯೂ ಈ ಗುಂಪಿನ ಮೇಲೆ ಉರಿಯುತ್ತದೆ. ಗುಂಪು ಬರಬಾರದೆಂದು ಹೇಳುವುದು ಸುಲಭ, ಅದೂ ದೆಹಲಿಯಲ್ಲಿ ಸಂಬಳದ ಕೆಲಸವಿರುವ ನಮಗೆ. ನಮ್ಮನ್ನು ಒಮ್ಮೆ ಕೆರೆ ಸುತ್ತಿಸಿದ ದೋಣಿಯವನು ನಮ್ಮ ಚಿಂತೆಯನ್ನೆಲ್ಲ ಕೇಳಿ, 'ಸಾಬ್, ನೀವು ಬಾರದಿದ್ದರೆ ಕೆರೆ ಉಳಿದೀತು, ನಾನು ಏನು ಮಾಡಲಿ?' ಎಂದು ಕೇಳಿದ. ನಮ್ಮಲ್ಲಿ ಉತ್ತರವಿರಲಿಲ್ಲ. ಹೇಳಿದ ಬಾಡಿಗೆಗಿಂತ ಸ್ವಲ್ಪ ಹೆಚ್ಚು ಕೊಟ್ಟು ಇಳಿದೆವು, ಅದು ಉತ್ತರವಲ್ಲವೆಂದು ತಿಳಿದೇ.

ಈ ಜನ ಕುಡಿಯುವುದೂ ಇದೇ ಕೆರೆಯನ್ನು. ಊರಿನ ಕುಡಿಯುವ ನೀರಿನ ಮುಖ್ಯ ಆಧಾರ ಕೆರೆ ಮತ್ತು ಅದರ ದಡದ ಕೊಳವೆಬಾವಿಗಳು. ಕೆರೆಗೆ ನೀರು ಬರುವುದು ಮೇಲಿನ ನಾಲೆಗಳಿಂದ ಮಾತ್ರವಲ್ಲ, ನೆಲದೊಳಗಿಂದಲೂ. ಮಲ್ಲಿತಾಲಿನ ಮೇಲೆ ಸೂಖಾತಾಲ್ ಎಂಬ ಒಣಕೆರೆಯಿದೆ. ಮಳೆಗಾಲದಲ್ಲಿ ಮಾತ್ರ ತುಂಬಿ, ಮೆಲ್ಲಗೆ ಇಂಗಿ, ಬೇಸಿಗೆಯವರೆಗೂ ಕೆಳಗಿನ ಕೆರೆಗೆ ಉಣಿಸುವ ಕೆರೆ. ಒಣಗಿದಂತೆ ಕಾಣುವ ನೆಲವನ್ನು ಖಾಲಿ ಜಾಗವೆಂದು ತಿಳಿಯುವ ಚಾಳಿ ಬೆಂಗಳೂರಿನಲ್ಲಿ ಎಷ್ಟಿದೆಯೋ ಇಲ್ಲಿಯೂ ಅಷ್ಟೇ ಇದೆ. ಸೂಖಾತಾಲಿನಲ್ಲಿ ಮನೆಗಳೆದ್ದವು, ಕಟ್ಟಡದ ಅವಶೇಷಗಳು ಬಿದ್ದವು. 2016-17ರ ಬೇಸಿಗೆಗಳಲ್ಲಿ ನೈನಿ ಕೆರೆ ಎಷ್ಟು ಇಳಿಯಿತೆಂದರೆ ನಾಲೆಗಳು ತಂದು ಹಾಕಿದ ಹೂಳು ದಡದುದ್ದಕ್ಕೂ ದಿಬ್ಬದಿಬ್ಬವಾಗಿ ತಲೆಯೆತ್ತಿತು. ಮಕ್ಕಳು ಆ ದಿಬ್ಬಗಳ ಮೇಲೆ ಆಡಿದರು.

ಎಚ್ಚರಿಸುವವರು ಇರಲಿಲ್ಲವೆಂದಲ್ಲ. ಇತಿಹಾಸಕಾರ ಅಜಯ್ ಸಿಂಗ್ ರಾವತ್ ಅವರ ಅರ್ಜಿಯ ಮೇಲೆ 1995ರಲ್ಲಿಯೇ ಸುಪ್ರೀಂ ಕೋರ್ಟು ಬಹುಮಹಡಿ ಕಟ್ಟಡಗಳಿಗೆ ತಡೆ ಹಾಕಿ, ಕೊಳಚೆಯೂ ಕುದುರೆಲದ್ದಿಯೂ ಕೆರೆ ಸೇರದಂತೆ ನೋಡಿಕೊಳ್ಳಲು ಆದೇಶಿಸಿತು. ಊರಿನ ಚರಿತ್ರೆಯನ್ನು ಬರೆಯುವವರೇ ಊರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಉದಾಹರಣೆಗಳು ವಿರಳ. 2007ರಿಂದ ಕೊಳವೆಗಳ ಮೂಲಕ ಕೆರೆಯ ತಳಕ್ಕೆ ಗಾಳಿ ಊದಲಾಗುತ್ತಿದೆ. ಮೀನುಗಳು ಸಾಯುವುದು ಕಡಿಮೆಯಾಯಿತು. ನೀರನ್ನು ಹೀಗೆ ಉಸಿರಾಡಿಸಬಹುದು, ಗುಡ್ಡಕ್ಕೆ ಅಂಥ ಉಪಾಯವಿಲ್ಲ. 2018ರ ಆಗಸ್ಟಿನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ತುಂಡು ಕೆರೆಗೆ ಕುಸಿಯಿತು. ಕೋಡಿಯ ಕೆಳಗೆ ಬಲಿಯಾ ನಾಲೆಯ ದಂಡೆ ವರ್ಷ ವರ್ಷ ಕೊರೆಯುತ್ತಿದೆ. ಅಂಚಿನ ಮನೆಗಳವರನ್ನು ಎಬ್ಬಿಸಿ ಬೇರೆಡೆ ಕಳಿಸುವುದೂ ನಡೆದಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಾರೂ ಕಟ್ಟದ ಈ ಕೆರೆಗೂ ಒಂದು ಏರಿಯಿದೆ. ತಲ್ಲಿತಾಲಿನ ಆ ಗುಡ್ಡವೇ ಅದು. ಕೊರೆತ ನಡೆದಿರುವುದು ಏರಿಯ ಹೊರಮೈಯಲ್ಲಿ.

ಕಳೆದ ಸಲ ಹೋದದ್ದು ಸೆಪ್ಟೆಂಬರಿನಲ್ಲಿ. ಶೇರ್-ಕಾ-ಡಾಂಡಾದ ಮಗ್ಗುಲಿನ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದೆವು. ಕಿಟಕಿ ತೆರೆದರೆ ಇಡೀ ಕೆರೆ. ರಾತ್ರಿ ಮಳೆ ಹಿಡಿಯಿತು. ಸ್ವಲ್ಪ ಹೊತ್ತಿಗೆ ಕೋಣೆಯ ನೆಲದ ಕೆಳಗೆಲ್ಲೋ ನೀರು ಹರಿಯುವ ಸದ್ದು ಕೇಳತೊಡಗಿತು. ಬೆಳಿಗ್ಗೆ ಕೆಳಗಿಳಿದು ನೋಡಿದೆವು. ಹಳೆಯ ಕಲ್ಲಿನ ನಾಲೆಯೊಂದು ಮೇಲಿನಿಂದ ಬಂದು ಆ ಕಟ್ಟಡದ ಅಡಿಗೆ ನುಗ್ಗಿ, ಇನ್ನೊಂದು ಬದಿಗೆ ಹೊರಬರುತ್ತಿತ್ತು. ಅದರ ಮೇಲೆ ಕಾಂಕ್ರೀಟು ಹಾಸಿ ಅಡುಗೆಮನೆ ಮಾಡಿಕೊಂಡಿದ್ದರು. ಒಳಗೆ ಹುಡುಗನೊಬ್ಬ ನಮ್ಮ ತಿಂಡಿಗೆ ಪರಾಠ ಬೇಯಿಸುತ್ತಿದ್ದ. ನಾಲೆಯ ಬಾಯಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನೂ ಎಲೆ ಕೊಂಬೆಗಳನ್ನೂ ಮುದುಕರೊಬ್ಬರು ಉದ್ದನೆಯ ಕೋಲಿನಿಂದ ಎಳೆದು ಹಾಕುತ್ತಿದ್ದರು. ಪುರಸಭೆಯವರೇ ಎಂದು ಕೇಳಿದೆವು. ಅಲ್ಲ, ಕೆಳಗಿನ ಮನೆ ನನ್ನದು ಎಂದರು.